‘ಸುರ್ಯಾಯ’ ಎಂದರೆ ಸಿರಿಯಾದವನೇ?

ಓದುಗರ ಪ್ರಶ್ನೆ: ಕೇರಳದ ಸುರಿಯಾನಿ ಕ್ರೈಸ್ತರನ್ನು ‘ಸಿರಿಯನ್ ಕ್ರಿಶ್ಚಿಯನ್ನರು’ ಎನ್ನುತ್ತಾರಲ್ಲ, ಈ ಹೆಸರು ಸಿರಿಯಾ ದೇಶಕ್ಕೆ ಸಂಬಂಧಿಸಿದ್ದೇ?

ಉತ್ತರ: ಈ ಹೆಸರು ದೇಶವನ್ನಲ್ಲ, ಆರಾಧನೆಯ ಭಾಷೆಯನ್ನು ಸೂಚಿಸುತ್ತದೆ. ಶತಮಾನಗಳ ಕಾಲ ಈ ಸಮುದಾಯದ ಪೂಜಾವಿಧಿ ಸುರಿಯಾನಿಯಲ್ಲಿ ನಡೆಯಿತು. ಅವರ ಕ್ಯಾಥೊಲಿಕ್ ಶಾಖೆಯಾದ ಸಿರೋ-ಮಲಬಾರ್ ಸಭೆಯ ಕುರ್ಬಾನ (ಮುಖ್ಯ ಪೂಜಾವಿಧಿ) ಮಲಯಾಳಕ್ಕೆ ತಿರುಗಿದ್ದು 1962ರಲ್ಲಿ. ಪಶ್ಚಿಮ ಏಷ್ಯಾದ ಪ್ರಾಚೀನ ಭಾಷೆ ಅರಾಮಾಯಿಕ್‌ನ ಒಂದು ಪ್ರಭೇದವಾದ ಆ ಭಾಷೆ ಬೆಳೆದ ಎಡೆಸ್ಸಾ ನಗರವೂ ಇಂದಿನ ಸಿರಿಯಾದಲ್ಲಿಲ್ಲ. ತುರ್ಕಿಯ ಉರ್ಫಾ ಎಂಬುದೇ ಅದು.

ಸುರಿಯಾನಿಯಲ್ಲಿ ಈ ಭಾಷೆಯನ್ನಾಡುವವನು ‘ಸುರ್ಯಾಯ’. (ನಮ್ಮ ‘ಸೂರ್ಯ’ನಿಗೂ ಇದಕ್ಕೂ ನಂಟಿಲ್ಲ.) ಇದಕ್ಕಿಂತ ಹಳೆಯ ಹೆಸರು ‘ಆರಾಮಾಯ’. ಆದರೆ ಗ್ರೀಕರು ಅರಾಮಾಯಿಕ್ ಆಡುತ್ತಿದ್ದ ಅರಾಮಿಯರನ್ನು ‘ಸಿರೋಸ್’ ಎನ್ನುತ್ತಿದ್ದರು, ಹೀಬ್ರೂ ಬೈಬಲ್ಲಿನ ‘ಅರಾಮ್’ ಕೂಡ ಗ್ರೀಕ್ ಅನುವಾದದಲ್ಲಿ ‘ಸಿರಿಯಾ’ ಆಯಿತು. ಹೊರಗಿನವರಿಟ್ಟ ಈ ಹೆಸರು ಒಳಗೂ ನೆಲೆಯೂರಲು ಒಂದು ಕುತೂಹಲಕರ ಸಂಗತಿ ನೆರವಾದಂತಿದೆ: ಕ್ರೈಸ್ತ ಬರಹಗಳಲ್ಲಿ ‘ಅರ್ಮಾಯ’ ಎಂಬ ರೂಪಕ್ಕೆ ‘ಅನ್ಯಧರ್ಮೀಯ’ ಎಂಬ ಅರ್ಥ ಅಂಟಿಕೊಂಡಿತ್ತು, ಬರವಣಿಗೆಯಲ್ಲಿ ಒಂದೇ ಬಗೆಯಾಗಿ ಕಾಣುತ್ತಿದ್ದ ‘ಆರಾಮಾಯ’ವನ್ನು ಅದರಿಂದ ಬೇರ್ಪಡಿಸುತ್ತಿದ್ದದ್ದು ಸ್ವರಗಳ ವ್ಯತ್ಯಾಸ ಮಾತ್ರ.

ಹಾಗಾದರೆ ಗ್ರೀಕರಿಗೆ ‘ಸಿರಿಯಾ’ ಎಲ್ಲಿಂದ ಬಂತು? ಗ್ರೀಕರು ಸಿರಿಯನ್ನರೆಂದು ಕರೆಯುವವರನ್ನೇ ಇತರರು ಅಸ್ಸೀರಿಯನ್ನರು ಎನ್ನುತ್ತಾರೆಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಎರಡೂ ಒಂದೇ ಪದದ ರೂಪಗಳೆಂದು 1871ರಲ್ಲಿ ಜರ್ಮನ್ ವಿದ್ವಾಂಸ ಥಿಯೊಡೋರ್ ನೋಲ್ಡೆಕೆ ವಾದಿಸಿದರೂ ಚರ್ಚೆ ಮುಗಿಯಲಿಲ್ಲ. 1997ರಲ್ಲಿ ತುರ್ಕಿಯ ಅದನಾ ಬಳಿಯ ಚಿನೆಕೋಯ್‌ನಲ್ಲಿ ಸಿಕ್ಕ, ಕ್ರಿ.ಪೂ. 8ನೆಯ ಶತಮಾನದ ದ್ವಿಭಾಷಾ ಶಾಸನದಲ್ಲಿ, ಫಿನೀಷಿಯನ್ ಪಾಠ ‘ಅಶ್ಶೂರ್’ (ಅಸ್ಸೀರಿಯಾ) ಎನ್ನುವಲ್ಲಿ ಲುವಿಯನ್ ಪಾಠ ‘ಸುರ’ ಎನ್ನುತ್ತದೆ. ಮೊದಲ ಸ್ವರ ಆಗಲೇ ಉದುರಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಆದರೆ ಶಾಸನ ಪದದ ವಂಶಾವಳಿಯನ್ನು ಹೇಳುತ್ತದೆಯೇ ಹೊರತು ಜನರದ್ದನ್ನಲ್ಲ. ಇಂದು ಪಶ್ಚಿಮ ಏಷ್ಯಾದ ಸುರಿಯಾನಿ ಕ್ರೈಸ್ತರೊಳಗೇ ಕೆಲವರು ತಾವು ಅಸ್ಸೀರಿಯನ್ನರೆಂದೂ ಕೆಲವರು ಅರಾಮಿಯರೆಂದೂ ಹೇಳಿಕೊಳ್ಳುತ್ತಾರೆ. ಆ ವಾದವನ್ನು ವ್ಯುತ್ಪತ್ತಿಯೊಂದರಿಂದಲೇ ತೀರ್ಮಾನಿಸಲಾಗದು.

ಆಡುಮಾತಿನಲ್ಲಿ ಪದದ ಅರ್ಥ ಇನ್ನಷ್ಟು ಸರಿದಿದೆ. ಉತ್ತರ ಇರಾಕಿನ ನವ-ಅರಾಮಾಯಿಕ್‌ನಲ್ಲಿ ‘ಸೂರಾಯ’ ಎಂದರೆ ಸಾಮಾನ್ಯವಾಗಿ ಕ್ರೈಸ್ತ, ಅವನ ಮಾತು ‘ಸೂರೆತ್’. ಅಲ್ಲಿಯದೇ ಜಖೋ ಪಟ್ಟಣದ ಯಹೂದಿಗಳೂ ನವ-ಅರಾಮಾಯಿಕ್ ಆಡುತ್ತಿದ್ದರು, ಆದರೆ ಅದನ್ನು ‘ಲಿಶಾನ ದೇನಿ’, ಅಂದರೆ ‘ನಮ್ಮ ನುಡಿ’ ಎಂದರು. ತುರ್ಕಿಯ ತೂರ್ ಅಬ್ದೀನ್‌ನಲ್ಲಿ ‘ಆ’ಕಾರ ‘ಓ’ಕಾರವಾಗಿ ‘ಸುರ್ಯೋಯೊ’ ಎಂಬ ಉಚ್ಚಾರವಿದೆ.

ಅರಬ್ಬಿಯಲ್ಲಿ ಗೊಂದಲವಿಲ್ಲ: ಸಿರಿಯಾದ ಪ್ರಜೆ ‘ಸೂರಿ’, ಈ ಭಾಷೆ ಮತ್ತು ಪರಂಪರೆಗೆ ಸೇರಿದವನು ‘ಸುರ್ಯಾನಿ’. ಮಲಯಾಳದ ‘ಸುರಿಯಾನಿ’ ಹೋಲುವುದು ಎರಡನೆಯದನ್ನೇ. ಎರಡನ್ನೂ ‘ಸಿರಿಯನ್’ ಎಂದು ಬೆರೆಸಿದ್ದು ಇಂಗ್ಲಿಷ್. ಇದನ್ನು ತಪ್ಪಿಸಲೆಂದೇ ಅಂತಿಯೋಕ್ಯದ ಸುರಿಯಾನಿ ಆರ್ಥಡಾಕ್ಸ್ ಸಭೆಯ ಪವಿತ್ರ ಸಿನೊಡ್ (ಬಿಷಪ್ಪರ ಪರಿಷತ್ತು) 2000ದಲ್ಲಿ, ಇಂಗ್ಲಿಷಿನಲ್ಲಿ ತನ್ನ ಸಭೆಯ ಹೆಸರು ‘ಸಿರಿಯನ್’ ಬದಲು ‘ಸಿರಿಯಾಕ್’ ಎಂದಿರಬೇಕೆಂದು ನಿರ್ಧರಿಸಿತು.