ಮ್ಯಾಜಿಕ್ ಅಂದ್ರೆ ಜಾದೂನಾ, ಮಾಟಾನಾ?

ಭಾಷಾಂತರದ ಪ್ರಶ್ನೆಯಲ್ಲಿ ‘ಮ್ಯಾಜಿಕ್’ ಬಂದ ಕಡೆಯೆಲ್ಲ ‘ಜಾದೂ’ ಅಂತ ಬರೆದು ಅಂಕ ಕಳಕೊಂಡೆ. ಆಮೇಲೆ ಕೂತು ಬಿಡಿಸಿಕೊಂಡಿದ್ದು ಇಷ್ಟು.

ವೇದಿಕೆ ಮೇಲೆ ಟೋಪಿಯಿಂದ ಪಾರಿವಾಳ ಬಂದರೆ ಜಾದೂ, ಕಣ್ಕಟ್ಟು, ಇಂದ್ರಜಾಲ. ಶರಣರೋ ದೇವರೋ ಮಾಡಿದ್ದಾದರೆ ಪವಾಡ. ಬೆಳಗಾವಿ ಕಡೆಯವರು ಇದನ್ನ ಮರಾಠಿಯ ಪೋವಾಡಾ ಜೊತೆ ಬೆರೆಸಬೇಡಿ, ಅದು ವೀರರ ಸಾಹಸ ಹೇಳುವ ಹಾಡು. ಅಂದಹಾಗೆ ‘ಮ್ಯಾಜಿಕ್’ ಗ್ರೀಕ್ ದಾಟಿ ಬಂದರೂ ಅದರ ಬೇರು ಹಳೇ ಪರ್ಷಿಯಾದ ಪುರೋಹಿತರ ಹೆಸರಲ್ಲಿದೆ. ಜಾದೂನೂ ಪಾರಸಿ ಪದವೇ.

ನಾನು ಎಡವಿದ್ದು ‘ಮಾಟ’ದಲ್ಲಿ. ಕೃದಂತ ಭಾವನಾಮದ, ಅಂದ್ರೆ ಕ್ರಿಯಾಪದದಿಂದ ಹುಟ್ಟುವ ಕೆಲಸದ ಹೆಸರುಗಳ ಪಾಠದಲ್ಲಿ ಆಟ, ಓಟ, ನೋಟಗಳ ಸಾಲಿಗೇ ಮಾಟವೂ ಇತ್ತು. ವ್ಯಾಕರಣದಲ್ಲಿ ವಾಮಾಚಾರ ಯಾಕಪ್ಪಾ ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಆಡು ಆಟ ಆಯ್ತು, ಓಡು ಓಟ ಆಯ್ತು, ನೋಡು ನೋಟ ಆಯ್ತು. ಹಾಗೇ ಮಾಡು ಮಾಟ ಆಯ್ತು. ಡು ಹೋಯ್ತು, ಟ ಬಂತು, ಅಷ್ಟೇ! ಮೂಲ ಅರ್ಥ ಸುಮ್ನೆ ‘ಮಾಡುವಿಕೆ’. ‘ಮಾಟವಾದ ಮೂಗು’ ಅಂದಾಗ ಮೂಗಿಗೆ ಯಾರೂ ಮಂತ್ರ ಹಾಕಿಲ್ಲ, ಅಚ್ಚುಕಟ್ಟಾಗಿ ಮಾಡಿದ ಹಾಗಿದೆ ಅಂತ.

ಮತ್ತೆ ಆ ಇನ್ನೊಂದು ಅರ್ಥ? ಎಮ್ಮೆ ಹಾಲು ಕೊಡದಿದ್ದಾಗ ನಮ್ಮ ಆಯಿ ಪಕ್ಕದ ಮನೆ ಕಡೆ ಕಣ್ಣು ಹಾಯಿಸಿ, ದನಿ ಇಳಿಸಿ, ‘ಯಾರೋ ಮಾಡಿಸ್ಯಾರ ನೋಡವ್ವಾ’ ಅಂತಿದ್ದಳು. ಏನನ್ನ ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾಡು ಅನ್ನೋ ಮಾತೇ ಅಲ್ಲಿ ಸಾಕಿತ್ತು. ಅದೂ ‘ಮಾಡಿದ್ದಾರೆ’ ಅಲ್ಲ, ‘ಮಾಡಿಸಿದ್ದಾರೆ’. ನಡುವೆ ದುಡ್ಡು ತಗೊಂಡವನು ಒಬ್ಬ ಇದ್ದಾನೆ ಅಂತಾಯ್ತಲ್ವಾ?

ಅಲ್ಲಿಂದ ನನಗೆ ಸಿಕ್ಕ ಅಡ್ಡದಾರಿ: ನಾಮಪದ ಬಿಡಿ, ಕ್ರಿಯಾಪದ ನೋಡಿ. ಮಾಟ ಜಾಸ್ತಿ ಮಾಡಿಸ್ತಾರೆ, ಮಂತ್ರ ಹಾಕ್ತಾರೆ, ಪವಾಡ ನಡೆಯುತ್ತೆ, ಮಾಯ ಆಗುತ್ತೆ. ನೂರಕ್ಕೆ ನೂರು ಸರಿ ಅಲ್ಲ, ಪರೀಕ್ಷೆಗೆ ಸಾಕು. ‘ಗಾಯ ಮಾಯಿತು’ ಅನ್ನೋದು ಮಾತ್ರ ಬೇರೆ. ಅದು ಕನ್ನಡದ್ದೇ ಮಾಯು, ವಾಸಿಯಾಗು ಅಂತ. ‘ಮಾಯವಾಯಿತು’ ಸಂಸ್ಕೃತದ ಮಾಯೆಯಿಂದ ಬಂದದ್ದು.

ಸಾಮಾನ್ಯ ಜ್ಞಾನಕ್ಕೆ ಒಂದು: ನಾವು ಮಾಟ-ಮಂತ್ರ ಕಾಯ್ದೆ ಅನ್ನೋ ರಾಜ್ಯದ 2017ರ ಕಾಯ್ದೆ ಜಾರಿಗೆ ಬಂದಿದ್ದು 2020ರಲ್ಲಿ.

ಉಳಿದದ್ದು ಮೋಡಿ. ಹಾಡಿ ಮೋಡಿ ಮಾಡೋದು ಒಂದು, ಮರಾಠಿ ಬರೆಯುತ್ತಿದ್ದ ಹಳೇ ಮೋಡಿ ಲಿಪಿ ಇನ್ನೊಂದು. ನಮ್ಮ ಹೊಲದ ಕಾಗದ ಮೋಡಿಯಲ್ಲಿದೆ ಅಂದಿದ್ದಕ್ಕೆ ನನ್ನ ರೂಮ್‌ಮೇಟ್ ಕೇಳಿದ್ದು, ‘ಲಿಂಬೆಹಣ್ಣೂ ಇಟ್ಟಾರೇನು?’