ಯಾವ ಆಸ್ಪತ್ರೆಗೆ ಅನ್ನೋದು ಗಾಡಿಯೊಳಗೇ ತೀರ್ಮಾನ ಆಗ್ಬೇಕು

108ರಲ್ಲಿ ಕೆಲಸ ಅಂದ ತಕ್ಷಣ ಎಲ್ರೂ ಕೇಳೋದು ಸ್ಪೀಡ್ ಬಗ್ಗೆ, ಎಷ್ಟು ನಿಮಿಷಕ್ಕೆ ಬರ್ತೀರಾ, ಎಷ್ಟರಲ್ಲಿ ಓಡಿಸ್ತೀರಾ ಅಂತ. ನನ್ನ ಪ್ರಕಾರ ನಮ್ಮ ಕೆಲಸದಲ್ಲಿ ಅತಿ ಕಷ್ಟದ ಹೊತ್ತು ಅಂದ್ರೆ ಪೇಶೆಂಟ್‌ನ ಒಳಗೆ ಮಲಗಿಸಿ ಬಾಗಿಲು ಹಾಕಿದ ಮೇಲೆ ಪೈಲಟ್ (ನಮ್ಮಲ್ಲಿ ಡ್ರೈವರ್‌ಗೆ ಹಾಗೇ ಅನ್ನೋದು) ತಿರುಗಿ "ಎಲ್ಲಿಗೆ ಸಿಸ್ಟರ್?" ಅಂತಾರಲ್ಲ, ಅದು.

ಸಕಲೇಶಪುರದಂಥ ಕಡೆ ನೋಡಿ. ತಾಲೂಕು ಆಸ್ಪತ್ರೆ ಹತ್ರ, ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಈ ಕಡೆ ಶಿರಾಡಿ ಘಾಟಿ ಇಳಿದ್ರೆ ಮಂಗಳೂರು, ಮಳೆಗಾಲದಲ್ಲಿ ಗುಡ್ಡ ಕುಸಿದ್ರೆ ಆ ದಾರಿನೂ ಬಂದ್. ಎಸ್ಟೇಟ್ ಲೈನ್ ಮನೆಯಿಂದ ಎದೆನೋವು ಅಂತ ಒಬ್ರನ್ನ ಹತ್ತಿಸಿಕೊಂಡ್ರೆ ಮಗ ಹೇಳೋ ಮೊದಲ ಮಾತು "ಇಲ್ಲೇನೂ ಇಲ್ಲ ಸಿಸ್ಟರ್, ಸೀದಾ ಮೈಸೂರು ಜಯದೇವಕ್ಕೆ ಬಿಡಿ". ಅವರ ಆತಂಕ ನನಗೆ ಅರ್ಥ ಆಗುತ್ತೆ, ಆದ್ರೆ ರಕ್ತನಾಳ ಬ್ಲಾಕ್ ಆಗಿರೋ ಹಾರ್ಟ್ ಅಟ್ಯಾಕ್‌ನಲ್ಲಿ ಪ್ರತಿ ನಿಮಿಷಕ್ಕೂ ಹೃದಯದ ಮಾಂಸಖಂಡ ಸಾಯ್ತಾ ಇರುತ್ತೆ, ಮೈಸೂರು ಮುಟ್ಟೋವರೆಗೆ ಅದು ಕಾಯಲ್ಲ. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೇಲೇ ಇಸಿಜಿ ತೆಗೆದು, ದೊಡ್ಡಾಸ್ಪತ್ರೆಯ ಹೃದ್ರೋಗ ಡಾಕ್ಟರ್ ಅದನ್ನ ಅಲ್ಲಿಂದ್ಲೇ ನೋಡಿ, ಬೇಕಂದ್ರೆ ಟೆನೆಕ್ಟೆಪ್ಲೇಸ್ ಅನ್ನೋ ಹೆಪ್ಪು ಕರಗಿಸೋ ಇಂಜೆಕ್ಷನ್ ಫ್ರೀಯಾಗಿ ಕೊಡಿಸ್ತಾರೆ, ಸಾವಿರಾರು ರೂಪಾಯಿ ಬೆಲೆಯ ಮದ್ದು ಅದು. ಮೊದಲು ಆ ಇಂಜೆಕ್ಷನ್, ಆಮೇಲೆ ಆಂಜಿಯೋಗ್ರಾಮ್‌ಗೆ ದೊಡ್ಡ ಊರು. ಇಷ್ಟನ್ನೂ ಗಾಡಿ ಅಲುಗಾಡ್ತಾ ಇರುವಾಗ, ಒಂದು ಕೈಯಲ್ಲಿ ಬಿಪಿ ಕಫ್ ಹಿಡ್ಕೊಂಡು ಒಂದೆರಡು ವಾಕ್ಯದಲ್ಲಿ ಮಗನಿಗೆ ಅರ್ಥ ಮಾಡಿಸ್ಬೇಕು.

ಸ್ಟ್ರೋಕ್ ಅಂದ್ರೆ ಲೆಕ್ಕ ಪೂರ್ತಿ ಉಲ್ಟಾ. ಬಾಯಿ ಸೊಟ್ಟ, ಒಂದು ಕೈ ಎತ್ತಕ್ಕಾಗ್ತಿಲ್ಲ, ಮಾತು ತೊದಲ್ತಿದೆ ಅಂದ್ರೆ ಸಿಟಿ ಸ್ಕ್ಯಾನ್ ಇಲ್ಲದ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸ್ಕೊಂಡು ಕೂತ್ರೆ ಟೈಮ್ ಸೋರಿ ಹೋಗುತ್ತೆ. ಒಳಗೆ ರಕ್ತಸ್ರಾವನೋ ಹೆಪ್ಪೋ ಅಂತ ಸ್ಕ್ಯಾನ್ ಮಾಡದೆ ಯಾರೂ ಹೇಳಕ್ಕಾಗಲ್ಲ, ಅದಕ್ಕೇ ಇಲ್ಲಿ ನಾನು ಆಸ್ಪಿರಿನ್ ಮುಟ್ಟಲ್ಲ, ಆದ್ರೆ ಹಾರ್ಟ್ ಅಟ್ಯಾಕ್ ಅಂತ ಅನುಮಾನ ಬಂದಾಗ ಅಲರ್ಜಿ, ರಕ್ತಸ್ರಾವ ಏನಿಲ್ಲ ಅಂತ ಕೇಳ್ಕೊಂಡು ಅದೇ ಮಾತ್ರೇನ ಅಗಿಯಕ್ಕೆ ಕೊಡ್ತೀವಿ. ಹೆಪ್ಪು ಕರಗಿಸೋ ಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಗಡುವು, ಮತ್ತೆ ಆ ಗಡಿಯಾರ ಶುರುವಾಗೋದು ಪೇಶೆಂಟ್‌ನ ಕೊನೇ ಸಲ ಸರಿ ಇದ್ದಾಗ ನೋಡಿದ ಹೊತ್ತಿಂದ. "ಬೆಳಗ್ಗೆ ಎದ್ದಾಗ ಹೀಗಾಗಿತ್ತು" ಅಂದ್ರೆ ರಾತ್ರಿ ಮಲಗಿದ ಟೈಮ್ ಕೇಳ್ಬೇಕು, ರಾತ್ರಿ ಬಾತ್‌ರೂಮಿಗೆ ಎದ್ದಿದ್ರಾ, ಆಗ ನಡಿಗೆ ಸರಿ ಇತ್ತಾ ಅಂತ ಸೊಸೇನೋ ಹೆಂಡ್ತೀನೋ ಹತ್ರ ಕೆದಕಿ ಕೇಳ್ಬೇಕು.

ಹಾಗಂತ ಬಾಯಿ ಸೊಟ್ಟ ಆದವರೆಲ್ಲ ಸ್ಟ್ರೋಕ್ ಅಲ್ಲ. ಶುಗರ್ ಮಾತ್ರೆ ನುಂಗಿ ಊಟ ಬಿಟ್ಟ ಅಜ್ಜಿಗೂ ಥೇಟ್ ಹಾಗೇ ಕೈ ಬೀಳುತ್ತೆ, ಮಾತು ಹೋಗುತ್ತೆ. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ಸ್ಟ್ರಿಪ್‌ಗೆ ಹಾಕಿದ್ರೆ ಮೀಟರ್ 38 ತೋರ್ಸುತ್ತೆ, ಅಂದ್ರೆ ಸಕ್ಕರೆ ತೀರಾ ಇಳಿದಿದೆ. ನರ ಹುಡುಕಿ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ (ಗ್ಲೂಕೋಸ್ ನೀರು) ನಿಧಾನಕ್ಕೆ ಬಿಟ್ರೆ ಸ್ವಲ್ಪ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟು "ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರವ್ವಾ" ಅಂತಾರೆ. ಆವಾಗ ಹಾಸನ ಬೇಡ, ಹತ್ರದ ಆಸ್ಪತ್ರೆ ಸಾಕು, ಆದ್ರೆ ಮನೇಲಿ ಬಿಟ್ಟು ಬರೋ ಹಾಗಿಲ್ಲ, ಕೆಲವು ಶುಗರ್ ಮಾತ್ರೆಗಳ ಪವರ್ ಗಂಟೆಗಟ್ಲೆ ಇರುತ್ತೆ, ಸಕ್ಕರೆ ಮತ್ತೆ ಇಳಿಯುತ್ತೆ. ಆ ಒಂದು ಹನಿ ನೋಡದೆ ದಾರಿ ತೀರ್ಮಾನ ಮಾಡಬಾರದು ಅಂತ ಹೊಸದಾಗಿ ಸೇರಿದವರಿಗೆ ಹೇಳ್ತಾನೇ ಇರ್ತೀನಿ.

ಉಸಿರಾಟ ಕೈಗೆ ಸಿಗ್ತಿಲ್ಲ ಅಂದ್ರೆ ಮಾತ್ರ ಬೇರೆ ಯೋಚನೆ ಇಲ್ಲ. ಆಕ್ಸಿಡೆಂಟ್ ಆಗಿ ಬಾಯಿ ತುಂಬ ರಕ್ತ, ಸಕ್ಷನ್ ಮೆಷಿನ್‌ನಲ್ಲಿ ಎಳೆದು ತೆಗೆದಷ್ಟೂ ತುಂಬ್ತಾ ಇದೆ, ಆಗ ಡಾಕ್ಟರ್ ಇರೋ ಯಾವ ಬಾಗಿಲು ಮೊದಲು ಸಿಗುತ್ತೋ ಅಲ್ಲಿಗೆ. ಹಾವು ಕಚ್ಚಿದ್ರೆ ಆಂಟಿವೆನಮ್ ಎಲ್ಲಿದೆಯೋ ಅಲ್ಲಿಗೆ, ಮೊದಲ ಡೋಸ್ ಬೀಳದೆ ದೂರದ ದಾರಿ ಹಿಡಿಯೋದು ಅಪಾಯ.

ಡೌಟ್ ಬಂದ್ರೆ ಕಾಲ್ ಸೆಂಟರ್‌ನಲ್ಲಿರೋ ಡಾಕ್ಟರ್‌ಗೆ ಫೋನ್ ಮಾಡೋ ವ್ಯವಸ್ಥೆ ಇದೆ, ಒಳ್ಳೇ ವ್ಯವಸ್ಥೆನೇ, ಆದ್ರೆ ಕಾಫಿ ತೋಟದೊಳಗೆ ಸಿಗ್ನಲ್ ಎಲ್ಲಿರುತ್ತೆ? ಆಗ ಇರೋದು ನಾವಿಬ್ರೇ, 12 ಗಂಟೆ ಶಿಫ್ಟ್‌ನ ಕೊನೇಲಿ, ಸುತ್ತ ಇಪ್ಪತ್ತು ಜನ, ಅದ್ರಲ್ಲಿ ಒಬ್ಬ ಬಾಗಿಲಿಗೆ ಗುದ್ದುತ್ತಾ "ಹೊರಡ್ರೀ" ಅಂತ ಕಿರುಚ್ತಾ ಇರ್ತಾನೆ. ಅವನ ಕೂಗಿಗೆ ಹೆದರಿ ಶುಗರ್ ನೋಡದೆ ಹೊರಟ್ರೆ ನಷ್ಟ ಪೇಶೆಂಟ್‌ಗೇ. ಹಾಗಾಗಿ ಗಾಡಿನ ಒಂದು ಫರ್ಲಾಂಗ್ ಮುಂದೆ ತಗೊಂಡು ಹೋಗಿ, ಗುಂಪಿಂದ ತಪ್ಪಿಸ್ಕೊಂಡು ಸೈಡಿಗೆ ಹಾಕಿ ನೋಡೋದೇ ವಾಸಿ. ಯಾಕೆ ಈ ಆಸ್ಪತ್ರೆ ಅಂತ ಪಿಸಿಆರ್ ಶೀಟಲ್ಲಿ (ಪೇಶೆಂಟ್‌ಗೆ ಏನೇನು ಮಾಡಿದ್ವಿ ಅಂತ ಬರೆಯೋ ದಾಖಲೆ) ಟೈಮ್ ಸಮೇತ ಬರೀಬೇಕು, ಮನೆಯವರು ಬೇಡ ಅಂದ್ರೆ ಅದನ್ನೂ ಬರೆದು ಸೈನ್ ತಗೋಬೇಕು.

ಇಷ್ಟೆಲ್ಲ ಯೋಚಿಸಿ ಹೋದ ಮೇಲೆ ಗೇಟಲ್ಲಿ "ಸಿಟಿ ಮೆಷಿನ್ ಕೆಟ್ಟಿದೆ", "ಬೆಡ್ ಇಲ್ಲ" ಅಂದ್ರೆ ನಮ್ಮ ತೀರ್ಮಾನಕ್ಕೆ ಬೆಲೆ ಏನು? ಕ್ಯಾಶುವಾಲಿಟಿ ಮುಂದೆ ನಮ್ಮ ಸ್ಟ್ರೆಚರ್ ಸಿಕ್ಕಿಹಾಕ್ಕೊಂಡಿದ್ದಷ್ಟು ಹೊತ್ತೂ ಆ ತಾಲೂಕಿನ ಮುಂದಿನ ಕಾಲ್‌ಗೆ ಗಾಡಿ ಇರಲ್ಲ. ಪ್ರತಿ ಜಿಲ್ಲೇಲೂ ಯಾವ ಆಸ್ಪತ್ರೇಲಿ ಸ್ಕ್ಯಾನ್ ನಡೀತಿದೆ, ಎಲ್ಲಿ ವೆಂಟಿಲೇಟರ್ ಖಾಲಿ ಇದೆ, ಎಲ್ಲಿ ಆಂಟಿವೆನಮ್ ಸ್ಟಾಕ್ ಇದೆ ಅಂತ ಶಿಫ್ಟ್ ಶುರುವಾಗುವಾಗ್ಲೇ ನಮ್ಮ ಕೈಗೆ ಬರ್ಬೇಕು, ಮಧ್ಯೆ ಬದಲಾದ್ರೆ ಮೆಸೇಜ್ ಬರ್ಬೇಕು. ಫೋನ್ ಎತ್ತಕ್ಕೆ ಕ್ಯಾಶುವಾಲಿಟೀಲಿ ಒಬ್ರನ್ನ ಕೂರಿಸಿದ್ರೆ ಸಾಕು, ಇದಕ್ಕೆ ದೊಡ್ಡ ದುಡ್ಡೇನೂ ಬೇಡ.