ಬೀರು ಎಲ್ಲಿಟ್ಟಿರಿ? ಆಮೇಲೆ ದಾರಿ ಕೇಳಿ

ಮನೆ ಬದಲಿಸುವಾಗ ಲಾರಿ ಬಾಡಿಗೆಗೆ ಪಡೆದು ತಾವೇ ಓಡಿಸಿಕೊಂಡು ಹೋಗುವವರು ನನ್ನ ಬಳಿ ಸಾಮಾನ್ಯವಾಗಿ ದಾರಿಯ ಬಗ್ಗೆ ವಿಚಾರಿಸುತ್ತಾರೆ. ನಾನು ಮಾತ್ರ ಬೀರು, ಫ್ರಿಜ್ ಎಲ್ಲಿಟ್ಟಿರಿ ಎಂದು ಕೇಳುತ್ತೇನೆ. ದೂರದ ಪಯಣ ಸುಖವೋ ಸಂಕಟವೋ ಎಂಬುದು ಬಹುಪಾಲು ಸಾಮಾನು ಏರಿಸುವಾಗಲೇ ತೀರ್ಮಾನವಾಗಿರುತ್ತದೆ.

ತೂಕದ ವಸ್ತುಗಳೆಲ್ಲ ಚಾಲಕನ ಕ್ಯಾಬಿನ್‌ಗೆ ಹತ್ತಿರದ ಗೋಡೆಗೆ ಒತ್ತಿಕೊಂಡು, ನೆಲಕ್ಕೆ ತಾಗಿ, ಎಡಬಲ ಸಮನಾಗಿ ಕೂರಬೇಕು. ಇಳಿಸಲು ಸುಲಭವೆಂದು ಅವನ್ನು ಬಾಗಿಲ ಬಳಿ ಇಟ್ಟರೆ, ಹಿಂದಿನ ಚಕ್ರಗಳ ಅಚ್ಚಿನಾಚೆ ಬೀಳುವ ಭಾರ ಮುಂದಿನ ಚಕ್ರಗಳ ಮೇಲಿನ ಒತ್ತಡವನ್ನು ಕಡಿಮೆ ಮಾಡುತ್ತದೆ, ಸ್ಟೀರಿಂಗ್ ಹಗುರವಾಗುತ್ತದೆ. ಒಣ ರಸ್ತೆಯಲ್ಲಿ ಅದು ಹಿತವೆನಿಸಲೂಬಹುದು, ಮಳೆಯಲ್ಲಿ ಅಲ್ಲ. ಸಾಮಾನುಗಳ ನಡುವೆ ಖಾಲಿ ಜಾಗ ಬಿಡದೆ ಹಾಸಿಗೆ, ದಿಂಬು ತುರುಕಿ, ಸಾಲು ಸಾಲಾಗಿ ಪಟ್ಟಿ ಬಿಗಿಯಿರಿ. ಹೊರಟು ಐವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಒಮ್ಮೆ ನಿಲ್ಲಿಸಿ ನೋಡಿ. ಕುಲುಕಾಟಕ್ಕೆ ಸಾಮಾನು ಕುಸಿದು ಕೂತಿರುತ್ತದೆ, ಬಿಗಿದ ಪಟ್ಟಿ ಸಡಿಲವಾಗಿರುತ್ತದೆ. ಬಾಗಿಲು ತೆರೆಯುವಾಗ ಪಕ್ಕಕ್ಕೆ ನಿಲ್ಲಿ. ಒರಗಿಕೊಂಡಿದ್ದ ಪೆಟ್ಟಿಗೆ ನೇರವಾಗಿ ಮೈಮೇಲೆ ಬರುತ್ತದೆ.

ಲಾರಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಕಣ್ಣೆದುರು ಅಂಟಿಸಿ. ಮೊಬೈಲಿನ ಸಾಮಾನ್ಯ ನಕ್ಷೆ ದಾರಿ ತೋರಿಸುವುದು ಕಾರಿಗೆ, ತಗ್ಗಿನ ಸೇತುವೆಯ ಚಿಂತೆ ಅದಕ್ಕಿಲ್ಲ. ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಸಾಗುತ್ತದೆ, ಹಿಂಬದಿಯ ಮೂಲೆ ಹೊರಗೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಗಳ ಮೇಲಿನ ಗೀರುಗಳೇ ಇದಕ್ಕೆ ಸಾಕ್ಷಿ.

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಬೆಟ್ಟದ ಇಳಿಜಾರು. ಬ್ರೇಕ್ ಎಂದರೆ ಓಟವನ್ನು ಶಾಖವಾಗಿಸುವ ಯಂತ್ರ. ವೇಗ ಗಂಟೆಗೆ 60ರಿಂದ 90 ಕಿಲೋಮೀಟರಿಗೆ ಏರಿದರೆ ಓಟದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಉದ್ದಕ್ಕೂ ಪೆಡಲ್ ಒತ್ತಿಯೇ ಇಳಿದರೆ ಚಕ್ರದೊಳಗಿನ ಬ್ರೇಕ್ ಡ್ರಮ್ ಕಾದು ಹಿಗ್ಗುತ್ತದೆ, ಅದಕ್ಕೆ ಒತ್ತಿ ಉಜ್ಜುವ ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ತೇವ ಹೀರಿದ ಹಳೆಯ ಬ್ರೇಕ್ ಎಣ್ಣೆ ಕುದಿದರಂತೂ ಪೆಡಲ್ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ, ಎಂಜಿನ್ನೇ ಲಾರಿಯನ್ನು ತಡೆಯಲಿ. ಸುರಕ್ಷಿತವೆನಿಸುವ ವೇಗ 50 ಎಂದಾದರೆ, ಅಲ್ಲಿಗೆ ಮುಟ್ಟಿದಾಗ ಗಟ್ಟಿಯಾಗಿ ಬ್ರೇಕ್ ಒತ್ತಿ 42ರ ಸುಮಾರಿಗೆ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಮತ್ತೆ 50 ಆದಾಗ ಮತ್ತೆ ಒತ್ತಿ. ಇಂಧನ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರಿಗೆ ನಾನು ಕೀಲಿ ಕೊಡುವುದಿಲ್ಲ. ಸುಟ್ಟ ವಾಸನೆ ಬಂದರೆ ಜಾಗ ಕಂಡಲ್ಲಿ ನಿಲ್ಲಿಸಿ ತಣಿಯಲು ಬಿಡಿ, ನೀರು ಸುರಿಯಬೇಡಿ.

ಸಮತಟ್ಟಾದ ಹೆದ್ದಾರಿಯಲ್ಲಿ 90ರ ವೇಗವೆಂದರೆ ಸೆಕೆಂಡಿಗೆ 25 ಮೀಟರ್. ಮುಂದಿನ ವಾಹನಕ್ಕೂ ನಿಮಗೂ ನಾಲ್ಕು ಸೆಕೆಂಡಿನ ಅಂತರ, ಅಂದರೆ ನೂರು ಮೀಟರ್ ಇರಲಿ. ಆ ಜಾಗಕ್ಕೆ ಕಾರುಗಳು ನುಗ್ಗುತ್ತವೆ, ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ಯುರೋಪ್ ಒಕ್ಕೂಟದ ನಿಯಮದಂತೆ ಭಾರೀ ಸರಕು ವಾಹನದ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಮಿಸಲೇಬೇಕು. ಅದು ವೃತ್ತಿಪರರ ಲೆಕ್ಕ. ಹಿಂದಿನ ದಿನವಿಡೀ ಪೆಟ್ಟಿಗೆ ಹೊತ್ತವರು ಎರಡು ಗಂಟೆಗೊಮ್ಮೆ ಇಳಿಯುವುದು ಒಳ್ಳೆಯದು. ಸಾಮಾನು ಏರಿಸಿದ ಸಂಜೆಯೇ ಹೊರಡುವುದಂತೂ ಬೇಡ. ರಾತ್ರಿ ತಂಗುವಲ್ಲಿ ಹಿಂದಿನ ಬಾಗಿಲು ತೆರೆಯಲಾಗದಷ್ಟು ಗೋಡೆಗೆ ಹತ್ತಿರ ನಿಲ್ಲಿಸಿ. ಹಿಂದಕ್ಕೆ ಸರಿಸುವಾಗ ಜೊತೆಗಿರುವವರು ಪಕ್ಕದಲ್ಲಿ ನಿಂತು ದಾರಿ ತೋರಿಸಲಿ. ಅವರು ಕನ್ನಡಿಯಿಂದ ಮರೆಯಾದ ಕೂಡಲೇ ಬ್ರೇಕ್ ಒತ್ತಿ.